ಸ್ಥಳೀಯ ವೆಬ್ ಸರ್ವರ್ ನಿಂತಾಗ: ಆಜ್ಞೆಯ ಮೂಲಕ ಮರುಪ್ರಾರಂಭಿಸುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ ಅಧ್ಯಯನ ಲೇಖನ)



‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಕೇಳದೆ ಯಾವ ಗ್ರಾಮಸ್ಥರೂ ಇಂದು ಕಚೇರಿಯ ಮೆಟ್ಟಿಲು ಇಳಿದಿರಲಾರರು. ಈ ಮಾತು ಕೆಲವೊಮ್ಮೆ ಸತ್ಯವಾಗಿರುತ್ತದೆ, ಕೆಲವೊಮ್ಮೆ ಅರ್ಧ ಸತ್ಯವಾಗಿರುತ್ತದೆ. ಯಾವ ಸರ್ವರ್, ಎಲ್ಲಿರುವ ಸರ್ವರ್, ಅದನ್ನು ಸರಿಪಡಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಕೇಳುವವರಿಲ್ಲದ ಕಾರಣ ಎಲ್ಲ ತಡವೂ ಆ ಒಂದೇ ಪದದ ಹಿಂದೆ ಅಡಗುತ್ತದೆ. ಸದಸ್ಯರು ಈ ಪ್ರಶ್ನೆಗಳನ್ನು ಕೇಳುವಂತಾಗಬೇಕು ಎಂಬುದು ಈ ಪಾಠದ ಉದ್ದೇಶ. ಕೀಲಿಮಣೆಯ ಮುಂದೆ ಕುಳಿತು ತಾವೇ ಆಜ್ಞೆ ಟೈಪ್ ಮಾಡಬೇಕೆಂದೇನಿಲ್ಲ. ಆದರೆ ಟೈಪ್ ಮಾಡುವವರ ಪಕ್ಕದಲ್ಲಿ ನಿಂತಾಗ ಪರದೆಯ ಮೇಲೆ ನಡೆಯುತ್ತಿರುವುದೇನು ಎಂಬುದು ತಿಳಿದಿರಬೇಕು.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳೋಣ. ಇ-ಸ್ವತ್ತು, ಪಂಚತಂತ್ರ ಮುಂತಾದ ತಂತ್ರಾಂಶಗಳು ನಮ್ಮ ಕಚೇರಿಯ ಗಣಕಯಂತ್ರದಲ್ಲಿ ಇರುವುದಿಲ್ಲ. ನಾವು ನೋಡುವುದು ಅವುಗಳ ಮುಖವನ್ನು ಮಾತ್ರ. ದೇಹ ಬೇರೆಡೆ ಇದೆ. ಅವು ನಿಂತಾಗ ನಮ್ಮ ಕಚೇರಿಯಲ್ಲಿ ಯಾವ ಗುಂಡಿ ಒತ್ತಿದರೂ ಪ್ರಯೋಜನವಿಲ್ಲ; ಮೇಲಿನ ಕಚೇರಿಗೆ ತಿಳಿಸಿ ಕಾಯುವುದೊಂದೇ ದಾರಿ. ಸ್ಥಳೀಯ ವೆಬ್ ಸರ್ವರ್ ಹಾಗಲ್ಲ. ಅದು ನಮ್ಮದೇ ಕಟ್ಟಡದಲ್ಲಿ, ನಮ್ಮದೇ ವಿದ್ಯುತ್ತಿನಲ್ಲಿ ನಡೆಯುವ ಯಂತ್ರ. ಅದು ನಿಂತರೆ ಮತ್ತೆ ನಡೆಸುವವರೂ ನಾವೇ.

ನಮ್ಮ ಪಂಚಾಯಿತಿಯಲ್ಲಿ ಬಳಕೆಯಿಂದ ಬಿಟ್ಟಿದ್ದ ಹಳೆಯ ಗಣಕಯಂತ್ರವೊಂದಕ್ಕೆ ಉಬುಂಟು ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನೂ, ಅಪಾಚೆ ಎಂಬ ಉಚಿತ ವೆಬ್ ಸರ್ವರ್ ತಂತ್ರಾಂಶವನ್ನೂ ಅಳವಡಿಸಿದೆವು. ಅಪಾಚೆ 1995ರಿಂದ ಬಳಕೆಯಲ್ಲಿರುವ ತಂತ್ರಾಂಶ. ಜಗತ್ತಿನ ಅಸಂಖ್ಯ ಜಾಲತಾಣಗಳು ಅದರ ಮೇಲೆ ನಿಂತಿವೆ. ಗ್ರಾಮ ಸಭೆಯ ನಡವಳಿಗಳ ಸ್ಕ್ಯಾನ್ ಪ್ರತಿಗಳು, ಫಲಾನುಭವಿಗಳ ಪಟ್ಟಿಗಳು, ಕಾಮಗಾರಿಗಳ ವಿವರ, ಬೀದಿದೀಪ ಮತ್ತು ನೀರು ಸರಬರಾಜಿನ ವೇಳಾಪಟ್ಟಿ ಇವನ್ನು ಅದರಲ್ಲಿ ಇರಿಸಿದ್ದೇವೆ. ಕಚೇರಿಯ ವೈಫೈ ವ್ಯಾಪ್ತಿಯಲ್ಲಿ ನಿಂತ ಯಾರೇ ಆಗಲಿ ತಮ್ಮ ಮೊಬೈಲಿನಲ್ಲಿ ಒಂದು ವಿಳಾಸ ನಮೂದಿಸಿದರೆ ಇವೆಲ್ಲ ತೆರೆದುಕೊಳ್ಳುತ್ತವೆ. ಇಂಟರ್ನೆಟ್ ಕಡಿತವಾಗಿದ್ದರೂ ತೆರೆದುಕೊಳ್ಳುತ್ತವೆ, ಏಕೆಂದರೆ ಮಾಹಿತಿ ಊರು ಬಿಟ್ಟು ಹೊರಗೆ ಹೋಗಿ ಬರಬೇಕಾಗಿಲ್ಲ. ಮಾಹಿತಿ ಹಕ್ಕು ಅಧಿನಿಯಮ 2005ರ 4ನೇ ಪ್ರಕರಣವು ಸಾರ್ವಜನಿಕ ಪ್ರಾಧಿಕಾರಗಳು ಯಾರೂ ಕೇಳುವ ಮೊದಲೇ ಮಾಹಿತಿಯನ್ನು ಪ್ರಕಟಿಸಬೇಕೆಂದು ಹೇಳುತ್ತದೆ. ಸೂಚನಾ ಫಲಕದ ಜೊತೆಗೆ ಇದೂ ಒಂದು ಫಲಕವಾಗಲಿ ಎಂಬುದು ನಮ್ಮ ಉದ್ದೇಶವಾಗಿತ್ತು.

ಆ ಫಲಕ ಒಂದು ಗ್ರಾಮ ಸಭೆಯ ದಿನವೇ ಕತ್ತಲಾಯಿತು. ವಸತಿ ಯೋಜನೆಯ ಪಟ್ಟಿಯನ್ನು ಸಭೆಯ ಮುಂದಿಡಬೇಕಿದ್ದ ದಿನ ಅದು. ಬೆಳಿಗ್ಗೆ ಬಂದವರು ಮೊಬೈಲ್ ತೆರೆದರೆ ಪುಟವಿಲ್ಲ. ಆಪರೇಟರ್ ರಜೆಯ ಮೇಲಿದ್ದರು. ನಾನು ಇಂಜಿನಿಯರಿಂಗ್ ಓದಿದವನು. ಆದರೂ ಜನ ಸುತ್ತ ನಿಂತಾಗ ಓದಿದ್ದೆಲ್ಲ ಮರೆತು, ಎಲ್ಲರೂ ಮಾಡುವುದನ್ನೇ ಮಾಡಿದೆ: ಯಂತ್ರದ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ, ಮತ್ತೆ ಹೊತ್ತಿಸಿದೆ. ಪುಟ ತೆರೆಯಲಿಲ್ಲ. ಮತ್ತೊಮ್ಮೆ ಆರಿಸಿದೆ. ಈ ಬಾರಿ ಯಂತ್ರ ತನ್ನ ಡಿಸ್ಕ್ ತಪಾಸಣೆಗೆ ಇಳಿದು ಇನ್ನಷ್ಟು ತಡವಾಯಿತು. ಅಷ್ಟರಲ್ಲಿ ಸಾಲಿನಲ್ಲಿದ್ದ ವೃದ್ಧೆಯೊಬ್ಬರು, ‘ಸ್ವಾಮಿ, ಕೆಟ್ಟಿರೋದು ಮಿಷಿನ್ನೋ, ಪಟ್ಟೀನೋ?’ ಎಂದರು. ಸಭೆಯಲ್ಲಿ ನಗು ಎದ್ದಿತು. ನನಗೆ ನಗು ಬರಲಿಲ್ಲ. ಪಟ್ಟಿಯನ್ನು ಬೇಕೆಂದೇ ಮುಚ್ಚಿಟ್ಟಿದ್ದಾರೆ ಎಂಬ ಮಾತು ಹಿಂದಿನ ಸಾಲಿನಲ್ಲಿ ಆಗಲೇ ಆರಂಭವಾಗಿತ್ತು. ಒಬ್ಬ ಸದಸ್ಯರ ಮೇಲೆ ಹೆಸರು ಹಿಡಿದು ಆಪಾದನೆಯೂ ಬಂದಿತು. ಅವರಿಗೂ ಆ ಯಂತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಕಾರಣ ತಿಳಿದದ್ದು ಮಧ್ಯಾಹ್ನದ ಮೇಲೆ. ಅದನ್ನು ಹೇಳುವ ಮುನ್ನ ವೆಬ್ ಸರ್ವರ್ ಎಂದರೇನು ಎಂಬುದನ್ನು ನೋಡೋಣ.

ಕಚೇರಿಯ ಕಟ್ಟಡವನ್ನು ಗಣಕಯಂತ್ರವೆಂದು ಭಾವಿಸಿ. ಅದರೊಳಗೆ ಕಿಟಕಿಯೊಂದರ ಹಿಂದೆ ಕುಳಿತು, ಬಂದವರು ಕೇಳಿದ ಕಾಗದವನ್ನು ಕಪಾಟಿನಿಂದ ತೆಗೆದುಕೊಡುವ ಗುಮಾಸ್ತರೇ ವೆಬ್ ಸರ್ವರ್. ಕಿಟಕಿಗೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಪೋರ್ಟ್ ಎನ್ನುತ್ತಾರೆ, ಸಾಮಾನ್ಯ ವೆಬ್ ಪುಟಗಳಿಗೆ ಅದು 80. ಯಾವ ಕಪಾಟಿನ ಕಾಗದ ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬ ನಿಯಮಗಳನ್ನು ಬರೆದಿಟ್ಟ ಕಡತವನ್ನು ಸಂರಚನಾ ಕಡತ ಅಥವಾ ಕಾನ್ಫಿಗರೇಷನ್ ಫೈಲ್ ಎನ್ನುತ್ತಾರೆ. ಗುಮಾಸ್ತರು ಬೆಳಿಗ್ಗೆ ಕೆಲಸಕ್ಕೆ ಕುಳಿತಾಗ ಒಮ್ಮೆ ಆ ನಿಯಮಗಳನ್ನು ಓದಿಕೊಳ್ಳುತ್ತಾರೆ. ಅನಂತರ ದಿನವಿಡೀ ನೆನಪಿನಿಂದಲೇ ಕೆಲಸ ಮಾಡುತ್ತಾರೆ. ಈ ಕೊನೆಯ ಮಾತನ್ನು ದಯವಿಟ್ಟು ಗಮನದಲ್ಲಿಡಿ, ನಮ್ಮ ತೊಂದರೆಯ ಮೂಲ ಅಲ್ಲಿಯೇ ಇತ್ತು.

ಗುಮಾಸ್ತರು ಎದ್ದು ಹೋಗಿದ್ದಾರೆಂದು ನಾವು ಕಟ್ಟಡಕ್ಕೇ ಬೀಗ ಹಾಕಿ ಮತ್ತೆ ತೆರೆಯುವುದಿಲ್ಲ, ಅವರನ್ನು ಕರೆಯುತ್ತೇವೆ. ಯಂತ್ರವನ್ನು ಆರಿಸದೆ ಸರ್ವರ್ ತಂತ್ರಾಂಶವನ್ನು ಮಾತ್ರ ಮರುಪ್ರಾರಂಭಿಸುವುದೆಂದರೆ ಇದೇ. ಅದನ್ನು ಮಾಡಲು ಟರ್ಮಿನಲ್ ಎಂಬ ಕಪ್ಪು ಪರದೆ ಬೇಕು. ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಇಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು, ಉತ್ತರವೂ ಸಾಲಿನಲ್ಲಿಯೇ ಬರುತ್ತದೆ. ಈ ಸುತ್ತೋಲೆಯಲ್ಲಿ ಆಜ್ಞೆಗಳನ್ನು ಉಚ್ಚರಿಸುವಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಬೇಕು. ಅಂತರ ಬಿಟ್ಟಲ್ಲಿ ಅಂತರ ಬಿಡಬೇಕು, ಬಿಡದಲ್ಲಿ ಬಿಡಬಾರದು. ಆಪರೇಟರ್‌ರಿಂದ ಇವನ್ನು ಇಂಗ್ಲಿಷಿನಲ್ಲಿ ಬರೆಯಿಸಿ ಯಂತ್ರದ ಬದಿಗೆ ಅಂಟಿಸಿಕೊಳ್ಳುವುದು ಉತ್ತಮ.

ಮೊದಲ ಆಜ್ಞೆ ಸ್ಥಿತಿಯನ್ನು ಕೇಳುವುದು:

ಸುಡೋ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಅಪಾಚೆ2

ಸುಡೋ ಎಂದರೆ ‘ಮೇಲಧಿಕಾರಿಯ ಅಧಿಕಾರದಿಂದ ಇದನ್ನು ಮಾಡು’ ಎಂದು ಹೇಳಿದಂತೆ. ಆದ್ದರಿಂದ ಅದು ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದಿರಬಹುದು. ಕೀಲಿಮಣೆ ಕೆಟ್ಟಿದೆಯೆಂದು ಬಹಳ ಜನ ಇಲ್ಲಿಯೇ ಕೈಬಿಡುತ್ತಾರೆ. ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿರಿ. ಸಿಸ್ಟಮ್‌ಸಿಟಿಎಲ್ ಎಂಬುದು ಯಂತ್ರದ ಎಲ್ಲ ಸೇವೆಗಳ ಮೇಲ್ವಿಚಾರಕನಿಗೆ ನಾವು ಕಳುಹಿಸುವ ಚೀಟಿ. ಸ್ಟೇಟಸ್ ನಮ್ಮ ಪ್ರಶ್ನೆ, ಅಪಾಚೆ2 ನಾವು ವಿಚಾರಿಸುತ್ತಿರುವ ಗುಮಾಸ್ತರ ಹೆಸರು. ಉತ್ತರದಲ್ಲಿ ‘ಆಕ್ಟಿವ್, ರನ್ನಿಂಗ್’ ಎಂದು ಹಸಿರಿನಲ್ಲಿ ಬಂದರೆ ಸರ್ವರ್ ನಡೆಯುತ್ತಿದೆ. ‘ಇನ್‌ಆಕ್ಟಿವ್, ಡೆಡ್’ ಎಂದರೆ ಅದು ನಿಂತಿದೆ, ಬಹುಶಃ ಯಾರೋ ನಿಲ್ಲಿಸಿದ್ದಾರೆ ಅಥವಾ ಪ್ರಾರಂಭವೇ ಆಗಿಲ್ಲ. ‘ಫೇಲ್ಡ್’ ಎಂದು ಕೆಂಪಿನಲ್ಲಿ ಬಂದರೆ ಅದು ಎದ್ದು ನಿಲ್ಲಲು ಯತ್ನಿಸಿ ಬಿದ್ದಿದೆ ಎಂದರ್ಥ. ಪರದೆ ಆ ಉತ್ತರದಲ್ಲಿಯೇ ನಿಂತುಬಿಟ್ಟರೆ ಕ್ಯೂ ಅಕ್ಷರ ಒತ್ತಿದರೆ ಹೊರಬರುತ್ತದೆ.

ಈ ಮೂರು ಉತ್ತರಗಳಲ್ಲಿ ಯಾವುದು ಬಂದಿತು ಎಂದು ತಾವು ಕೇಳಿದರೆ ಸಾಕು, ಅರ್ಧ ಕೆಲಸ ಮುಗಿದಂತೆ. ಮರುಪ್ರಾರಂಭದ ಆಜ್ಞೆ ಇಷ್ಟೇ:

ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಅಪಾಚೆ2

ನಡೆಯುತ್ತಿದ್ದರೆ ನಿಲ್ಲಿಸಿ ಮತ್ತೆ ಪ್ರಾರಂಭಿಸುತ್ತದೆ, ನಿಂತಿದ್ದರೆ ನೇರವಾಗಿ ಪ್ರಾರಂಭಿಸುತ್ತದೆ. ಎಲ್ಲವೂ ಸರಿಯಿದ್ದರೆ ಈ ಆಜ್ಞೆ ಏನನ್ನೂ ಹೇಳುವುದಿಲ್ಲ, ಮೌನವೇ ಒಪ್ಪಿಗೆ. ಮತ್ತೊಮ್ಮೆ ಸ್ಟೇಟಸ್ ಕೇಳಿ ಖಚಿತಪಡಿಸಿಕೊಳ್ಳಬೇಕು.

ಆದರೆ ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ, ಮತ್ತು ಅದನ್ನು ಬಿಟ್ಟವರೇ ಹೆಚ್ಚು. ರೀಸ್ಟಾರ್ಟ್ ಆಜ್ಞೆ ಮೊದಲು ನಿಲ್ಲಿಸುತ್ತದೆ, ಅನಂತರ ಪ್ರಾರಂಭಿಸಲು ನೋಡುತ್ತದೆ. ನಿಯಮಗಳ ಕಡತದಲ್ಲಿ ದೋಷವಿದ್ದರೆ ನಿಲ್ಲುವುದು ಸರಾಗವಾಗಿ ನಿಲ್ಲುತ್ತದೆ, ಏಳುವುದು ಏಳುವುದಿಲ್ಲ. ಆದ್ದರಿಂದ ಕಡತವನ್ನು ಮೊದಲು ಪರೀಕ್ಷಿಸಬೇಕು:

ಸುಡೋ ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್

‘ಸಿಂಟ್ಯಾಕ್ಸ್ ಓಕೆ’ ಎಂಬ ಉತ್ತರ ಬಂದರೆ ಮುಂದುವರಿಯಬಹುದು. ಅದರ ಮೇಲೆ, ಸರ್ವರಿನ ಪೂರ್ಣ ಡೊಮೈನ್ ಹೆಸರನ್ನು ಖಚಿತವಾಗಿ ಗುರುತಿಸಲಾಗಲಿಲ್ಲ ಎಂಬ ಉದ್ದನೆಯ ಎಚ್ಚರಿಕೆಯೂ ಕಾಣಬಹುದು. ಸ್ಥಳೀಯ ಸರ್ವರ್‌ಗಳಲ್ಲಿ ಅದು ಸಾಮಾನ್ಯ, ಅದಕ್ಕೆ ಗಾಬರಿಯಾಗಬೇಕಿಲ್ಲ. ದೋಷವಿದ್ದರೆ ಮಾತ್ರ ಯಾವ ಕಡತದ ಎಷ್ಟನೇ ಸಾಲಿನಲ್ಲಿ ತಪ್ಪಿದೆ ಎಂಬುದನ್ನು ಸಂಖ್ಯೆ ಸಹಿತ ತಿಳಿಸುತ್ತದೆ. ಲೆಕ್ಕಪರಿಶೋಧಕರೂ ಇಷ್ಟು ಸ್ಪಷ್ಟವಾಗಿ ಆಕ್ಷೇಪಣೆ ಬರೆಯುವುದಿಲ್ಲವೆಂದು ನಾನು ನಮ್ಮ ಆಪರೇಟರ್‌ಗೆ ಹೇಳಿದ್ದುಂಟು.

ಗ್ರಾಮ ಸಭೆಯ ದಿನ ಮಧ್ಯಾಹ್ನ ನಾನು ಈ ಆಜ್ಞೆ ಕೊಟ್ಟಾಗ ಬಂದ ಉತ್ತರ ಹೀಗಿತ್ತು: 14ನೇ ಸಾಲಿನಲ್ಲಿ ದೋಷ, ‘ರಿಕ್ವೈರ್’ ಎಂದಿರಬೇಕಾದ ಪದದಲ್ಲಿ ಯು ಅಕ್ಷರ ಬಿಟ್ಟುಹೋಗಿದೆ, ಇಂತಹ ಆಜ್ಞೆ ನನಗೆ ತಿಳಿಯದು. ಆ ಸಾಲನ್ನು ಬರೆದವನು ನಾನೇ. ಎರಡು ದಿನ ಮೊದಲು, ವಸತಿ ಪಟ್ಟಿಗೆ ಹೊಸ ಕೋಶವೊಂದನ್ನು ಸೇರಿಸುವಾಗ ಬರೆದಿದ್ದೆ. ಬರೆದು ಉಳಿಸಿ, ಸರ್ವರಿಗೆ ತಿಳಿಸದೆ ಮನೆಗೆ ಹೋಗಿದ್ದೆ. ಸರ್ವರ್ ಹಳೆಯ ನಿಯಮಗಳನ್ನೇ ನೆನಪಿನಲ್ಲಿಟ್ಟುಕೊಂಡು ಎರಡು ದಿನ ಸುಖವಾಗಿ ನಡೆಯಿತು. ಸಭೆಯ ಹಿಂದಿನ ರಾತ್ರಿ ವಿದ್ಯುತ್ ಹೋಗಿ, ಯುಪಿಎಸ್ ಬರಿದಾಗಿ, ಯಂತ್ರ ಆರಿತು. ಬೆಳಿಗ್ಗೆ ಹೊತ್ತಿಸಿದಾಗ ಸರ್ವರ್ ನಿಯಮಗಳನ್ನು ಹೊಸದಾಗಿ ಓದಿತು, 14ನೇ ಸಾಲಿಗೆ ಬಂದು ನಿಂತಿತು. ನಾನು ಯಂತ್ರವನ್ನು ಎರಡು ಬಾರಿಯಲ್ಲ, ಇಪ್ಪತ್ತು ಬಾರಿ ಆರಿಸಿ ಹೊತ್ತಿಸಿದ್ದರೂ ಅದು ಅಲ್ಲಿಯೇ ನಿಲ್ಲುತ್ತಿತ್ತು. ಯು ಅಕ್ಷರ ಸೇರಿಸಿ, ಪರೀಕ್ಷಿಸಿ, ರೀಸ್ಟಾರ್ಟ್ ಕೊಡಲು ಹಿಡಿದದ್ದು ಮೂರು ನಿಮಿಷ. ಅಷ್ಟರಲ್ಲಿ ಊಟಕ್ಕೆ ಹೋದವರಲ್ಲಿ ಅನೇಕರು ಮರಳಿ ಬರಲಿಲ್ಲ. ಆಪಾದನೆಗೆ ಒಳಗಾದ ಸದಸ್ಯರ ಬಳಿ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅದನ್ನು ಸಭೆಯಲ್ಲಿಯೇ ಹೇಳಬೇಕಿತ್ತು ಎಂದರು ಅವರು. ಅವರ ಮಾತು ಸರಿಯಾಗಿತ್ತು. ಮುಂದಿನ ಸಭೆಯಲ್ಲಿ ಹೇಳಿದೆ, ನಡವಳಿಯಲ್ಲಿ ಬರೆಸಿದೆ.

ನಿಯಮಗಳನ್ನು ಬದಲಿಸಿದಾಗ ಬಳಸಬೇಕಾದ ಆಜ್ಞೆ ರೀಸ್ಟಾರ್ಟ್ ಅಲ್ಲ, ರೀಲೋಡ್:

ಸುಡೋ ಸಿಸ್ಟಮ್‌ಸಿಟಿಎಲ್ ರೀಲೋಡ್ ಅಪಾಚೆ2

ಇದು ಗುಮಾಸ್ತರನ್ನು ಎಬ್ಬಿಸದೆ, ಕೈಯಲ್ಲಿರುವ ಅರ್ಜಿಯನ್ನು ಮುಗಿಸಲು ಬಿಟ್ಟು, ಹೊಸ ನಿಯಮಾವಳಿಯನ್ನು ಮುಂದಿಟ್ಟಂತೆ. ಕಡತ ನೋಡುತ್ತಿರುವವರಿಗೆ ಅಡ್ಡಿಯಾಗುವುದಿಲ್ಲ. ಇದಕ್ಕಿಂತ ದೊಡ್ಡ ಅನುಕೂಲವೆಂದರೆ, ಹೊಸ ನಿಯಮದಲ್ಲಿ ತಪ್ಪಿದ್ದರೆ ರೀಲೋಡ್ ವಿಫಲವಾಗುತ್ತದೆ, ಆದರೆ ಹಳೆಯ ನಿಯಮದಂತೆ ಸರ್ವರ್ ನಡೆಯುತ್ತಲೇ ಇರುತ್ತದೆ. ನಾನು ಅಂದು ಸಂಜೆ ಈ ಒಂದು ಸಾಲು ಟೈಪ್ ಮಾಡಿದ್ದರೆ ತಪ್ಪು ಆಗಲೇ ಕಣ್ಣಿಗೆ ಬೀಳುತ್ತಿತ್ತು. ಸರ್ವರ್ ಪೂರ್ಣವಾಗಿ ನಿಂತಿದ್ದಾಗ ಮಾತ್ರ ರೀಲೋಡ್ ನಡೆಯದು. ಆಗ ರೀಸ್ಟಾರ್ಟ್ ಬೇಕು.

ಸ್ಟೇಟಸ್ ಹಸಿರು ತೋರಿಸಿದರೂ ಮೊಬೈಲಿನಲ್ಲಿ ಪುಟ ತೆರೆಯದಿರುವ ಸಂದರ್ಭ ಇನ್ನೊಂದು ಬಗೆಯದು, ಮತ್ತು ನಮ್ಮ ಅನುಭವದಲ್ಲಿ ಹೆಚ್ಚಾಗಿ ಆಗುವುದು ಇದೇ. ನಲ್ಲಿಯಲ್ಲಿ ನೀರು ಬರದಿದ್ದಾಗ ನೀರುಗಂಟಿ ನೇರವಾಗಿ ಮೋಟಾರ್ ಬಿಚ್ಚುವುದಿಲ್ಲ. ಟ್ಯಾಂಕಿನಲ್ಲಿ ನೀರಿದೆಯೇ ಎಂದು ಮೊದಲು ನೋಡುತ್ತಾನೆ. ಇದ್ದರೆ ದೋಷ ಪೈಪಿನಲ್ಲಿದೆ ಎಂದು ತಿಳಿಯುತ್ತದೆ. ಹಾಗೆಯೇ ಸರ್ವರ್ ಇರುವ ಯಂತ್ರದಲ್ಲಿಯೇ ಬ್ರೌಸರ್ ತೆರೆದು ‘ಲೋಕಲ್‌ಹೋಸ್ಟ್’ ಎಂದು ನಮೂದಿಸಬೇಕು. ಆ ಪದ, ಅಥವಾ 127.0.0.1 ಎಂಬ ಸಂಖ್ಯೆ, ‘ನನ್ನೊಳಗೇ ನೋಡು’ ಎಂದು ಯಂತ್ರಕ್ಕೆ ಹೇಳುತ್ತದೆ. ಅಲ್ಲಿ ಪುಟ ತೆರೆದುಕೊಂಡರೆ ಸರ್ವರ್ ಸರಿಯಿದೆ, ದೋಷ ದಾರಿಯಲ್ಲಿದೆ. ದಾರಿಯ ದೋಷಗಳಲ್ಲಿ ಮುಖ್ಯವಾದುದು ವಿಳಾಸ ಬದಲಾಗುವುದು. ವಿದ್ಯುತ್ ಹೋಗಿ ಬಂದ ಮೇಲೆ ರೂಟರ್ ಯಂತ್ರಗಳಿಗೆ ಹೊಸದಾಗಿ ವಿಳಾಸ ಹಂಚಬಹುದು. ನಿನ್ನೆ 192.168.1.10 ಆಗಿದ್ದುದು ಇಂದು 192.168.1.14 ಆಗಿರಬಹುದು, ಗೋಡೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಮಾತ್ರ ಹಳೆಯದೇ ಇರುತ್ತದೆ. ‘ಹೋಸ್ಟ್‌ನೇಮ್’ ಎಂದು ಟೈಪ್ ಮಾಡಿ, ಅಂತರ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡಕ್ಷರದ ಐ ಹಾಕಿದರೆ ಈಗಿನ ವಿಳಾಸ ತಿಳಿಯುತ್ತದೆ. ದೊಡ್ಡಕ್ಷರ ಬೇಕಾದ ಜಾಗ ಇದೊಂದೇ. ರೂಟರಿನಲ್ಲಿ ಆ ಯಂತ್ರಕ್ಕೆ ಒಂದೇ ವಿಳಾಸವನ್ನು ಕಾಯ್ದಿರಿಸಿದರೆ ಈ ತೊಂದರೆ ಮತ್ತೆ ಬರುವುದಿಲ್ಲ. ಹತ್ತು ನಿಮಿಷದ ಕೆಲಸ, ಆಪರೇಟರ್‌ರಿಂದ ಒಮ್ಮೆ ಮಾಡಿಸಿಬಿಡಿ.

ರೀಸ್ಟಾರ್ಟ್ ವಿಫಲವಾಗಲು ಉಳಿದ ಕಾರಣಗಳು ಕೆಲವೇ. 80ನೇ ಕಿಟಕಿಯಲ್ಲಿ ಬೇರೊಂದು ತಂತ್ರಾಂಶ ಆಗಲೇ ಕುಳಿತಿದ್ದರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂಬ ಉತ್ತರ ಬರುತ್ತದೆ. ಡಿಸ್ಕ್ ಭರ್ತಿಯಾಗಿದ್ದರೂ ತೊಂದರೆಯಾಗುತ್ತದೆ. ‘ಡಿಎಫ್ -ಎಚ್’ ಎಂಬ ಆಜ್ಞೆ ಎಷ್ಟು ಜಾಗ ಬಳಕೆಯಾಗಿದೆ ಎಂಬುದನ್ನು ಶೇಕಡಾವಾರು ತೋರಿಸುತ್ತದೆ. ಸ್ಕ್ಯಾನ್ ಮಾಡಿದ ನಡವಳಿಗಳು ಬೇಗ ಜಾಗ ತಿನ್ನುತ್ತವೆ. ಯಾವುದೇ ಕಾರಣವಾಗಲಿ, ಸರ್ವರ್ ತನ್ನ ಕೊನೆಯ ಮಾತುಗಳನ್ನು ಬರೆದಿಟ್ಟೇ ಬಿದ್ದಿರುತ್ತದೆ. ಅವನ್ನು ಓದಲು:

ಸುಡೋ ಜರ್ನಲ್‌ಸಿಟಿಎಲ್ -ಯು ಅಪಾಚೆ2 -ಎನ್ 20

ಕೊನೆಯ 20 ಸಾಲುಗಳು ಕಾಣುತ್ತವೆ. ಅರ್ಥವಾಗದಿದ್ದರೆ ಪರದೆಯ ಫೋಟೋ ತೆಗೆದು ತಿಳಿದವರಿಗೆ ಕಳುಹಿಸಿ. ‘ಸರ್ವರ್ ಬರ್ತಿಲ್ಲ’ ಎಂಬ ದೂರವಾಣಿ ಕರೆಗಿಂತ ಆ ಒಂದು ಫೋಟೋ ಹೆಚ್ಚು ಉಪಯುಕ್ತ. ಪಾಸ್‌ವರ್ಡ್ ಅಥವಾ ಫಲಾನುಭವಿಗಳ ಆಧಾರ್, ಬ್ಯಾಂಕ್ ವಿವರಗಳು ಅದರಲ್ಲಿ ಕಾಣದಂತೆ ಎಚ್ಚರ ವಹಿಸಬೇಕು. ಹಾಗೆ ನೋಡಿದರೆ ಅಂತಹ ವಿವರಗಳು ಈ ಸರ್ವರಿನಲ್ಲಿ ಇರಲೇಬಾರದು.

ವಿದ್ಯುತ್ ಬಂದು ಯಂತ್ರ ಹೊತ್ತಿಕೊಂಡಾಗ ಸರ್ವರ್ ತಾನಾಗಿಯೇ ಪ್ರಾರಂಭವಾಗಬೇಕಾದರೆ ಒಮ್ಮೆ ಹೀಗೆ ಆಜ್ಞೆ ಕೊಟ್ಟಿರಬೇಕು:

ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ ಅಪಾಚೆ2

ಉಬುಂಟುವಿನಲ್ಲಿ ಸಾಮಾನ್ಯವಾಗಿ ಅಳವಡಿಸುವಾಗಲೇ ಇದು ಆಗಿರುತ್ತದೆ. ಮತ್ತೊಮ್ಮೆ ಕೊಟ್ಟರೆ ಹಾನಿಯಿಲ್ಲ. ಕೆಲವು ಪಂಚಾಯಿತಿಗಳಲ್ಲಿ ವಿಂಡೋಸ್ ಯಂತ್ರದ ಮೇಲೆಯೇ ಅಪಾಚೆ ಇರಬಹುದು. ಅಲ್ಲಿ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್ ಸ್ಟಾಪ್ ಅಪಾಚೆ2.4’, ಅನಂತರ ‘ನೆಟ್ ಸ್ಟಾರ್ಟ್ ಅಪಾಚೆ2.4’ ಎಂದು ಕೊಡಬೇಕು. ಅಳವಡಿಸಿದವರು ಸೇವೆಗೆ ಬೇರೆ ಹೆಸರು ಇಟ್ಟಿದ್ದರೆ ಆ ಹೆಸರನ್ನೇ ಬಳಸಬೇಕು. ಲಿನಕ್ಸಿನ ಬೇರೆ ಕೆಲವು ಬಗೆಗಳಲ್ಲಿ, ಉದಾಹರಣೆಗೆ ರೆಡ್ ಹ್ಯಾಟ್ ಮನೆತನದವುಗಳಲ್ಲಿ, ಅಪಾಚೆ2 ಬದಲು ಎಚ್‌ಟಿಟಿಪಿಡಿ ಎಂಬ ಹೆಸರಿರುತ್ತದೆ.

ಇನ್ನು ಪಾಸ್‌ವರ್ಡ್ ವಿಷಯ. ಸುಡೋ ಅಧಿಕಾರವುಳ್ಳವರು ಯಂತ್ರದಲ್ಲಿ ಏನನ್ನು ಬೇಕಾದರೂ ಅಳಿಸಬಲ್ಲರು. ಆದ್ದರಿಂದ ಅದು ಎಲ್ಲರ ಕೈಯಲ್ಲಿರುವುದು ಸರಿಯಲ್ಲ. ಒಬ್ಬರ ತಲೆಯಲ್ಲಿ ಮಾತ್ರ ಇರುವುದೂ ಸರಿಯಲ್ಲ. ಆ ಒಬ್ಬರು ರಜೆ ಹಾಕಿದ ದಿನವೇ ಸರ್ವರ್ ನಿಲ್ಲುತ್ತದೆ. ನಮ್ಮಲ್ಲಿ ಪಾಸ್‌ವರ್ಡನ್ನು ಲಕೋಟೆಯೊಳಗಿಟ್ಟು, ಅರಗು ಹಾಕಿ, ಅಧ್ಯಕ್ಷರ ಮತ್ತು ನನ್ನ ಸಹಿಯೊಂದಿಗೆ ಬೀರುವಿನಲ್ಲಿ ಇಟ್ಟಿದ್ದೇವೆ. ಲಕೋಟೆ ಒಡೆದರೆ ಯಾರು, ಏಕೆ, ಎಷ್ಟು ಹೊತ್ತಿಗೆ ಎಂಬುದನ್ನು ಬರೆಯಬೇಕು. ಅನಂತರ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ ಇಡಬೇಕು.

ಯಂತ್ರದ ಪಕ್ಕದಲ್ಲಿ ನೂರು ಪುಟದ ನೋಟ್ ಪುಸ್ತಕವೊಂದನ್ನು ದಾರ ಕಟ್ಟಿ ಇಟ್ಟಿದ್ದೇವೆ. ಪುಟ ತೆರೆಯದ ಹೊತ್ತು, ಸ್ಟೇಟಸ್ ತೋರಿಸಿದ ಪದ, ಕೊಟ್ಟ ಆಜ್ಞೆ, ಮತ್ತೆ ತೆರೆದ ಹೊತ್ತು, ಸಹಿ: ಇಷ್ಟು ಅಂಕಣಗಳು. ಸದಸ್ಯರು ಕಚೇರಿಗೆ ಬಂದಾಗ ಹಾಜರಿ ಪುಸ್ತಕದ ಜೊತೆಗೆ ಇದನ್ನೂ ತೆರೆದು ನೋಡಬಹುದು. ನಮ್ಮ ಪುಸ್ತಕದ ಮೊದಲ ಪುಟದ ಮೊದಲ ನಮೂದು ಯು ಅಕ್ಷರದ್ದು. ಅದರ ಮುಂದೆ ಸಹಿ ನನ್ನದೇ. ಗ್ರಾಮ ಸಭೆಯ ಹಿಂದಿನ ಸಂಜೆ ಒಮ್ಮೆ ಕಾನ್ಫಿಗ್‌ಟೆಸ್ಟ್, ಒಮ್ಮೆ ರೀಸ್ಟಾರ್ಟ್ ಮಾಡಿ, ಮೊಬೈಲಿನಲ್ಲಿ ಪುಟ ತೆರೆದು ನೋಡಿ, ಪಟ್ಟಿಯ ಎರಡು ಮುದ್ರಿತ ಪ್ರತಿಗಳನ್ನು ಸೂಚನಾ ಫಲಕಕ್ಕೆ ಅಂಟಿಸಿದ ಮೇಲೆಯೇ ಕಚೇರಿಗೆ ಬೀಗ ಹಾಕುವ ಪದ್ಧತಿ ಈಗ ಜಾರಿಯಲ್ಲಿದೆ.